ಆರನೇ ರೀಲಿನ ನಲವತ್ತು ಅಡಿ

2026 ಫೆಬ್ರವರಿ 16, ಸೋಮವಾರ. ಬೆಳಿಗ್ಗೆ 10.40.

ಕಳ್ಳತನದ ದೂರು ಕೊಡಲು ಠಾಣೆಗೆ ಬರುವವರು ಸಾಮಾನ್ಯವಾಗಿ ಬರಿಗೈಯಲ್ಲಿ ಬರುತ್ತಾರೆ. ಕೈಯಲ್ಲಿದ್ದದ್ದು ಹೋದ ಮೇಲೆಯೇ ಅಲ್ಲವೇ ಬರುವುದು? ಅಜ್ಜಾವರದ ಪ್ರೇಮನಾಥ ಮಾಷ್ಟ್ರು ಮಾತ್ರ ಒಂದು ಚಪ್ಪಟೆ ತಗಡಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಸುಳ್ಯ ಠಾಣೆಯ ಮೆಟ್ಟಿಲು ಹತ್ತಿದರು. ಹೋಳಿಗೆ ಡಬ್ಬಿ ಇರಬೇಕೆಂದು ಹೆಡ್ ಕಾನ್ಸ್‌ಟೇಬಲ್ ತೀರ್ಥರಾಮ ಎದ್ದು ನಿಂತೇ ಸ್ವಾಗತಿಸಿದ.

ಮಾಷ್ಟ್ರು ಡಬ್ಬಿಯನ್ನು ಸಬ್ ಇನ್‌ಸ್ಪೆಕ್ಟರ್ ಹರಿಣಾಕ್ಷಿಯ ಮೇಜಿನ ಮೇಲಿಟ್ಟರು.

"ಮೇಡಂ, ಕಳ್ಳತನ ಆಗಿದೆ."

"ಕೂತ್ಕೊಳ್ಳಿ ಮಾಷ್ಟ್ರೆ. ಎಂತ ಹೋದದ್ದು?"

"ಆರನೇ ರೀಲು."

"ಡಬ್ಬಿ ಇಲ್ಲೇ ಉಂಟಲ್ಲ?"

"ಡಬ್ಬಿ ನಮ್ಮದೇ. ಒಳಗಿರುದು ಬೇರೆ."

ಮಾಷ್ಟ್ರನ್ನು ಆ ಕಡೆ ಅರಿಯದವರಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಲೆ, ಮನೆಯ ಪಕ್ಕದ ದನದ ಹಟ್ಟಿಗೆ ಹೆಂಚು ಬದಲಿಸಿ, ಗೋಡೆಗೆ ಸುಣ್ಣ ಬಳಿದು, ಒಂದೇ ಒಂದು ಸಿನಿಮಾದ ಮ್ಯೂಸಿಯಂ ಮಾಡಿದವರು. ಸಿನಿಮಾದ ಹೆಸರು 'ಆಚೆ ಕಡವು'. 1975ರಲ್ಲಿ ಅಜ್ಜಾವರದ ಹತ್ತಿರ ಪಯಸ್ವಿನಿ ಹೊಳೆಯ ದೋಣಿ ಕಡವಿನಲ್ಲೇ ಅದರ ಶೂಟಿಂಗ್ ಆದದ್ದು, ಮರುವರ್ಷ ಬಿಡುಗಡೆ. ಆಗ ನೋಡಿದವರು ಕಡಿಮೆ, ಈಗ ಹೊಗಳುವವರು ಹೆಚ್ಚು. ಹಟ್ಟಿಯಲ್ಲಿ ದನ ಇದ್ದಿದ್ದರೆ ಹಾಲಾದರೂ ಸಿಗುತ್ತಿತ್ತು ಎಂದು ಊರವರು ತಮಾಷೆ ಮಾಡಿದ್ದುಂಟು. ಆದರೆ ನೆಂಟರು ಬಂದರೆ ಅವರನ್ನು ಮೊದಲು ಕರೆದುಕೊಂಡು ಹೋಗುವುದೂ ಅದೇ ಹಟ್ಟಿಗೆ.

"ಹದಿನಾಲ್ಕು ರೀಲಿನ ಪ್ರತಿ ಮೇಡಂ. ನೆಗೆಟಿವ್ ಮದ್ರಾಸಿನಲ್ಲಿ ಎಂದೋ ಹಾಳಾಯ್ತು. ಈಗ ಪ್ರಪಂಚದಲ್ಲಿ ಇರುದು ಇದೊಂದೇ. ಹಿಂದೆ ಸುಳ್ಯದಲ್ಲಿ ಡೇರೆ ಹಾಕ್ತಿದ್ದ ಟೂರಿಂಗ್ ಟಾಕೀಸಿನವರ ಹತ್ತಿರ ಬಾಕಿ ಆಗಿದ್ದದ್ದು. ಬರುವ ಆದಿತ್ಯವಾರ ಐವತ್ತನೇ ವರ್ಷದ ಪ್ರದರ್ಶನ ಇಟ್ಟಿದ್ದೇನೆ, ಮನೆಯ ಅಂಗಳದಲ್ಲೇ. ಇಚಿಲಂಪಾಡಿಯಿಂದ ಗುರುವಪ್ಪ ಬಂದು ಮಿಷನ್ ಓಡಿಸುವವರು. ಆ ಟಾಕೀಸಿನಲ್ಲೇ ಆಪರೇಟರ್ ಆಗಿದ್ದವರು. ಎಲ್ಲ ತಯಾರಿ ಆಗಿದೆ. ಈಗ ನೋಡಿದ್ರೆ ಹೀಗೆ."

ತೀರ್ಥರಾಮ ನೀರು ತಂದುಕೊಟ್ಟ.

"ಕೊನೆಗೆ ನೋಡಿದ್ದು ಯಾವಾಗ?"

"ಶನಿವಾರ ಬೆಳಿಗ್ಗೆ. ಹದಿನಾಲ್ಕೂ ಸರಿ ಇತ್ತು. ಇವತ್ತು ಒರೆಸಿ ಇಡುವ ಅಂತ ತೆಗೆದ್ರೆ ಇದರಲ್ಲಿ ಖಾಲಿ ಫಿಲ್ಮು."

"ಬೀಗ?"

"ರೀಲುಗಳು ಪತ್ತಾಯದಲ್ಲಿ ಇರುದು. ಅಜ್ಜನ ಕಾಲದ ಭತ್ತದ ಪೆಟ್ಟಿಗೆ, ಗಟ್ಟಿ ಬೀಗ ಉಂಟು."

"ಕೀಲಿಕೈ?"

ಮಾಷ್ಟ್ರು ತಲೆ ತಗ್ಗಿಸಿದರು. "ಪತ್ತಾಯದ ಹಿಂದಿನ ಮೊಳೆಯಲ್ಲಿ."

"ಯಾರ ಮೇಲಾದ್ರೂ ಸಂಶಯ?"

"ಪುತ್ತೂರಿನ ಶೈಲೇಶ್. ಹಳೇ ಕ್ಯಾಮರಾ, ರೇಡಿಯೋ ಸಂಗ್ರಹ ಮಾಡುವವ. ಮೂರು ಸಲ ಬಂದು ಈ ಪ್ರತಿ ಕೊಡ್ತೀರಾ ಅಂತ ಕೇಳಿದ್ದಾನೆ. ನಿನ್ನೆಯೂ ಬಂದಿದ್ದ!"

ದೂರು ಬರೆದುಕೊಳ್ಳುತ್ತಿದ್ದ ರೈಟರ್ ಸುರಕ್ಷಾ ಸೊತ್ತಿನ ಮೌಲ್ಯ ಕೇಳಿದಳು. ಬೆಲೆ ಕಟ್ಟಲಾಗದ್ದು ಎಂದರು ಮಾಷ್ಟ್ರು. ಸುರಕ್ಷಾ ಹರಿಣಾಕ್ಷಿಯ ಮುಖ ನೋಡಿದಳು. ಹಾಗೇ ಬರೆ ಎಂದಳು ಹರಿಣಾಕ್ಷಿ. ಉದ್ದ ಎಷ್ಟೆಂದು ಕೇಳಿದಾಗ ಮಾತ್ರ ಮಾಷ್ಟ್ರು ತಡವರಿಸಲಿಲ್ಲ. ಪ್ರತಿಯೊಂದು ರೀಲನ್ನೂ ತಾವೇ ಅಳೆದು ಡಬ್ಬಿಯ ಒಳಮುಚ್ಚಳದಲ್ಲಿ ಚೀಟಿ ಅಂಟಿಸಿದ್ದರು: 'ರೀಲು 6. 912 ಅಡಿ.'

11.30ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ಎಫ್ಐಆರ್ ದಾಖಲಾಯಿತು. ಆ ವಾರ ಎರಡು ಅಪಘಾತ, ಒಂದು ಹೊಡೆದಾಟದ ಕಡತಗಳ ನಡುವೆ ಒದ್ದಾಡುತ್ತಿದ್ದ ಹರಿಣಾಕ್ಷಿಗೆ ಒಳಗೊಳಗೇ ಖುಷಿಯಾಯಿತು. ರಕ್ತ ಇಲ್ಲ, ತಲೆ ಒಡೆದಿಲ್ಲ. ಐವರ್ನಾಡಿನಲ್ಲಿರುವ ಅವಳ ಅಮ್ಮ ಡೇರೆಯಲ್ಲಿ ಕೂತು ಈ ಸಿನಿಮಾ ನೋಡಿದ ಕತೆಯನ್ನು ನೂರು ಸಲ ಹೇಳಿದ್ದರು. ಮಗಳು ಇದುವರೆಗೆ ಮ್ಯೂಸಿಯಂ ಬಾಗಿಲು ಮೆಟ್ಟಿರಲಿಲ್ಲ.

ಮಧ್ಯಾಹ್ನ 12.15ಕ್ಕೆ ಮೆಟ್ಟಿದಳು.

ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಸಿಕ್ಕಿದ್ದು ದೋಣಿ. ಸಿನಿಮಾದಲ್ಲಿ ಕಡವು ದಾಟಿಸಿದ್ದ ಅದೇ ದೋಣಿ. ಹಟ್ಟಿಯ ಅರ್ಧ ಜಾಗ ಅದಕ್ಕೇ ಬೇಕಾಗಿತ್ತು. ಅದರೊಳಗೆ ನಾಯಕಿಯ ಓಲೆ ಕೊಡೆ ಬಿಡಿಸಿ ಇಟ್ಟಿದ್ದರು. ಗೋಡೆಯಲ್ಲಿ ನಾಯಕನ ಅಡಿಕೆ ಹಾಳೆಯ ಟೋಪಿ ಮುಟ್ಟಾಳೆ, ಬಣ್ಣ ಹೋದ ಎರಡು ಪೋಸ್ಟರು, ಶೂಟಿಂಗಿನವರಿಗೆ ಊಟ ಬಡಿಸಿದ ದೊಡ್ಡ ಹಿತ್ತಾಳೆ ಸೌಟು, ಇಡೀ ಯೂನಿಟ್ಟಿಗೆ ಹೊಟ್ಟೆ ಕೆಟ್ಟಾಗ ಔಷಧ ಕೊಟ್ಟ ಪಂಡಿತರ ಚೀಟಿ. ಪ್ರತಿಯೊಂದರ ಕೆಳಗೂ ಮಾಷ್ಟ್ರ ದುಂಡು ಅಕ್ಷರ. ಮೂಲೆಯಲ್ಲಿ ಎಣ್ಣೆ ಹಾಕಿ ಒರೆಸಿದ ಪ್ರೊಜೆಕ್ಟರು, ಅದರ ಪಕ್ಕ ಪತ್ತಾಯ. ಹರಿಣಾಕ್ಷಿ ಬಂದ ಕೆಲಸ ಮರೆತು ಔಷಧದ ಚೀಟಿ ಪೂರ್ತಿ ಓದಿ ನಕ್ಕಳು. ಇಷ್ಟು ಪ್ರೀತಿಯಿಂದ ಜೋಡಿಸಿದ ಕೋಣೆಯನ್ನು ಅವಳು ಈಚೆಗೆ ನೋಡಿರಲಿಲ್ಲ.

ಗೋಡೆಯಲ್ಲಿ ಹೆಚ್ಚು ಜಾಗ ಹಿಡಿದದ್ದು ಪತ್ತಾಯದ ಮೇಲಿನ ಫಲಕ. ತಲೆಬರಹ 'ಜಿಗಿತ'. ಕೆಳಗೆ: 'ದೋಣಿ ಈ ದಡ ಬಿಡುತ್ತದೆ. ಮರುಕ್ಷಣವೇ ಆ ದಡ ಮುಟ್ಟುತ್ತದೆ. ನಡುವಿನ ನದಿಯನ್ನು ನಿರ್ದೇಶಕರು ನಮ್ಮ ಮನಸ್ಸಿಗೆ ಬಿಟ್ಟಿದ್ದಾರೆ.'

"ಇದೇ ಆರನೇ ರೀಲಿನಲ್ಲಿ ಬರುದು ಮೇಡಂ," ಎಂದರು ಮಾಷ್ಟ್ರು. ದುಃಖದಲ್ಲೂ ಅವರ ಕಣ್ಣು ಹೊಳೆಯಿತು. "ರೀಲಿನ ಕೊನೆಗೆ. ಫಿಲ್ಮ್ ಸೊಸೈಟಿಯವರು ಇದರ ಮೇಲೆ ಲೇಖನ ಬರೆದಿದ್ದಾರೆ. ನಾನು ಏಳು ಕಾಲೇಜಿನಲ್ಲಿ ಮಾತಾಡಿದ್ದೇನೆ. ಕನ್ನಡದಲ್ಲಿ ಅಂಥ ಜಿಗಿತ ಇನ್ನೊಂದಿಲ್ಲ!"

ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಹಿತ್ತಾಳೆ ಸೌಟು ಅಲ್ಲೇ ಇತ್ತು. ಡಬ್ಬಿಯಲ್ಲಿ ಸಿಕ್ಕಿದ ಖಾಲಿ ಫಿಲ್ಮನ್ನು ಹರಿಣಾಕ್ಷಿ ಹೊರತೆಗೆದು ನೋಡಿದಳು. ತೂಕ ಹೆಚ್ಚುಕಡಿಮೆ ಆಗಬಾರದೆಂದು ಅಳೆದು ತುಂಬಿಸಿದಂತಿತ್ತು. ಸುರುಳಿ ಬಿಗಿಯಾಗಿ, ಅಂಚು ಒಂದಿಷ್ಟೂ ಏರುಪೇರಿಲ್ಲದೆ ಸುತ್ತಿತ್ತು. ಸುತ್ತಲೂ ಒಂದು ಬಾಳೆನಾರಿನ ಕಟ್ಟು.

"ಬಾಕಿ ರೀಲುಗಳಿಗೆ ನೀವು ಬಾಳೆನಾರು ಕಟ್ಟಿದ್ದೀರಾ?"

"ಇಲ್ಲ. ನಾನು ಹತ್ತಿಯ ದಾರ."

ಹೂ ಕಟ್ಟುವವರ ಮನೆಯ ಕಳ್ಳ ಇರಬೇಕು ಎಂದ ತೀರ್ಥರಾಮ. ಹರಿಣಾಕ್ಷಿ ನಾರನ್ನು ಲಕೋಟೆಯೊಳಗೆ ಹಾಕಿ ಮೊಹರು ಮಾಡಿಸಿದಳು. ಕಳ್ಳರು ಅವಸರದವರು. ಕದ್ದದ್ದರ ಜಾಗಕ್ಕೆ ಕಸ ತುಂಬಿಸಿ, ಆ ಕಸಕ್ಕೂ ಕಟ್ಟು ಹಾಕಿ ಹೋಗುವ ಕಳ್ಳನನ್ನು ಹನ್ನೊಂದು ವರ್ಷದ ಸರ್ವಿಸಿನಲ್ಲಿ ಅವಳು ಕಂಡಿರಲಿಲ್ಲ.

ಫೆಬ್ರವರಿ 17, ಮಂಗಳವಾರ. ಬೆಳಿಗ್ಗೆ 11.00. ಪುತ್ತೂರು.

ಶೈಲೇಶನ ಅಂಗಡಿಯಲ್ಲಿ ಹಳೆಯ ರೇಡಿಯೋಗಳು ಗೋಡೆಯುದ್ದಕ್ಕೂ ಕೂತಿದ್ದವು. ಖಾಕಿ ಕಂಡದ್ದೇ ಅವನು ಎದ್ದು, ನಾನು ತೆಗೆದದ್ದಲ್ಲ ಮೇಡಂ ಎಂದ. ಯಾರೂ ಏನನ್ನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ತೀರ್ಥರಾಮ ಹರಿಣಾಕ್ಷಿಯ ಕಡೆ ಓರೆಗಣ್ಣಲ್ಲಿ ನೋಡಿದ.

"ಎಂತ ತೆಗೆದದ್ದಲ್ಲ?"

"ರೀಲು. ಮಾಷ್ಟ್ರು ನಿನ್ನೆಯೇ ಫೋನ್ ಮಾಡಿ ಬೈದಾಯ್ತು."

"ಆದಿತ್ಯವಾರ ಅಜ್ಜಾವರಕ್ಕೆ ಹೋಗಿದ್ರಲ್ಲ?"

"ಹೋಗಿದ್ದೆ. ಹೆಂಡತಿ, ಮಗು, ಅತ್ತೆ ಎಲ್ಲ ಸೇರಿ. ಅತ್ತೆ ದೋಣಿಯೊಳಗೆ ಕೂತು ಫೋಟೋ ತೆಗೆಸಿಕೊಂಡ್ರು. ಮಾಷ್ಟ್ರು ಎರಡು ಗಂಟೆ ನಮ್ಮ ಬೆನ್ನು ಬಿಡ್ಲಿಲ್ಲ. ಆ ಜಿಗಿತದ ಪಾಠ ಕೇಳಿ ಅತ್ತೆ ನಿದ್ದೆಯೇ ಮಾಡಿದ್ರು."

ಫೋನಿನಲ್ಲಿದ್ದ ಫೋಟೋಗಳ ಸಮಯ ಅವನ ಮಾತಿಗೆ ಸರಿಹೊಂದಿತು. ಮಾಷ್ಟ್ರು ಪ್ರತಿ ಫೋಟೋದಲ್ಲೂ ಬೆರಳು ಚಾಚಿ ಏನನ್ನೋ ವಿವರಿಸುತ್ತಿದ್ದರು.

"ಮೇಡಂ, ನಾನು ಕದಿಯುದಾದ್ರೆ ಹದಿನಾಲ್ಕೂ ಕದೀತಿದ್ದೆ. ಒಂದು ರೀಲು ತಗೊಂಡು ಎಂತ ಮಾಡುದು? ಅದರಲ್ಲೂ ಆ ಆರನೇದ್ದು, ತುಂಡಾದದ್ದು."

"ತುಂಡಾದದ್ದು ಅಂದ್ರೆ?"

ಶೈಲೇಶ್ ಸ್ವರ ಇಳಿಸಿದ. "ಮಾಷ್ಟ್ರಿಗೆ ಹೇಳ್ಬೇಡಿ ಆಯ್ತಾ. ಅದು ಜಿಗಿತವೂ ಅಲ್ಲ, ಮಣ್ಣೂ ಅಲ್ಲ. ಯಾರೋ ಕತ್ತರಿ ಹಾಕಿದ್ದು. ಜೋಡಿಸಿದ ಗುರುತು ನಾನೇ ಕಣ್ಣಾರೆ ನೋಡಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು, ಅವರಿಗೆ ಯಾರು ಹೇಳುದು?"

ಹರಿಣಾಕ್ಷಿ ಬಾಳೆನಾರಿನ ಫೋಟೋ ತೋರಿಸಿದಳು. ಶೈಲೇಶ್ ನೋಡಿದ ಕೂಡಲೇ ಮುಗುಳ್ನಕ್ಕ.

"ಇದು ಡೇರೆಯವರ ಕಟ್ಟು. ರಬ್ಬರ್ ಬ್ಯಾಂಡ್ ಹಾಕಿದ್ರೆ ಸೆಕೆಗೆ ಕರಗಿ ಫಿಲ್ಮಿಗೆ ಅಂಟ್ತದೆ. ಅದಕ್ಕೆ ಟೂರಿಂಗ್ ಟಾಕೀಸಿನ ಆಪರೇಟರುಗಳು ಬಾಳೆನಾರು ಕಟ್ತಿದ್ರು. ಖರ್ಚಿಲ್ಲ, ಎಲ್ಲ ಕಡೆ ಸಿಗ್ತದೆ. ಈಗ ಅಂಥವರು ಯಾರಿದ್ದಾರೆ ಮೇಡಂ? ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಹುಡುಕಿದ್ರೂ ಒಬ್ಬರೇ."

ಆ ಒಬ್ಬರು ಯಾರೆಂದು ಹರಿಣಾಕ್ಷಿ ಕೇಳಲಿಲ್ಲ. ಆ ಹೆಸರು ಎಫ್ಐಆರಿನಲ್ಲೇ ಇತ್ತು.

ಫೆಬ್ರವರಿ 18, ಬುಧವಾರ. ಮಾಷ್ಟ್ರನ್ನು ಮತ್ತೊಮ್ಮೆ ವಿಚಾರಿಸಿ ಹೇಳಿಕೆ ಪಡೆಯಲಾಯಿತು.

"ಶನಿವಾರ ಯಾರೆಲ್ಲ ಬಂದಿದ್ರು?"

"ಯಾರೂ ಇಲ್ಲ. ಸಂದರ್ಶಕರ ಪುಸ್ತಕ ನೋಡಿ, ಖಾಲಿ."

"ಪುಸ್ತಕಕ್ಕೆ ಸಹಿ ಹಾಕದವರು?"

"ಗುರುವಪ್ಪ ಬಂದಿದ್ರು, ಮಿಷನಿಗೆ ಎಣ್ಣೆ ಹಾಕ್ಲಿಕ್ಕೆ. ಅವರು ಸಂದರ್ಶಕರಾ?"

"ಕೈಯಲ್ಲಿ ಚೀಲ ಇತ್ತಾ?"

"ಸಾಮಾನಿನ ರೆಕ್ಸಿನ್ ಚೀಲ. ನಾನು ಒಳಗೆ ಹೋಗಿ ಚಾ ಮಾಡಿಸಿಕೊಂಡು ಬಂದೆ..." ಮಾಷ್ಟ್ರಿಗೆ ಸಿಟ್ಟು ಬಂತು. "ಛೆ ಛೆ, ಎಂತ ಹೇಳ್ತೀರಿ ನೀವು! ಆದಿತ್ಯವಾರ ಮಿಷನ್ ಓಡಿಸುವವರೇ ಅವರು. ಅವರ ಮೇಲೆ ಸಂಶಯ ಪಡುದಾದ್ರೆ ನನ್ನನ್ನೇ ಹಿಡಿದು ಹಾಕಿ."

"ಅವರು ಈ ಆರನೇ ರೀಲಿನ ವಿಷಯ ಯಾವತ್ತಾದ್ರೂ ಮಾತಾಡಿದ್ದುಂಟಾ?"

ಮಾಷ್ಟ್ರು ಯೋಚಿಸಿದರು. "ಎರಡು ವರ್ಷದ ಹಿಂದೆ ಒಮ್ಮೆ, ಇದರಲ್ಲಿ ಒಂದು ತುಂಡು ಇಲ್ಲ ಅಲ್ವಾ ಮಾಷ್ಟ್ರೆ ಅಂದ್ರು. ಕಾಲೇಜಿನ ಮಕ್ಕಳು ಬಂದಿದ್ರು ಆಗ. ನಾನು ಜಿಗಿತ ಅಂದ್ರೆ ಎಂತ ಅಂತ ಚೆನ್ನಾಗಿ ಬಿಡಿಸಿ ಹೇಳಿದೆ. ಅರ್ಧ ಗಂಟೆ. ಮತ್ತೆ ಅವರು ಮಾತಾಡ್ಲಿಲ್ಲ."

ಫೆಬ್ರವರಿ 19, ಗುರುವಾರ. ಕಡಬ ಠಾಣೆಗೆ ಮಾಹಿತಿ ಕೊಟ್ಟು, 10.50ಕ್ಕೆ ಜೀಪು ಇಚಿಲಂಪಾಡಿಯ ಗುರುವಪ್ಪನವರ ಮನೆಯ ಮುಂದೆ ನಿಂತಿತು. ಸಣ್ಣ ಮನೆ, ಗುಡಿಸಿದ ಅಂಗಳ. ಅಂಗಳದ ತುದಿಯಲ್ಲಿ ಕಮಲಾವತಿ ಮಲ್ಲಿಗೆ ಗಿಡಕ್ಕೆ ನೀರು ಹಾಕುತ್ತಿದ್ದರು. ಗಂಡನಿಗಿಂತ ಆರು ವರ್ಷ ಚಿಕ್ಕವರು, ಅರುವತ್ತಾರರ ಹೆಂಗಸು. ಜೀಪಿನ ಸದ್ದಿಗೆ ತಲೆ ಎತ್ತಿದರು. ಆದರೆ ಮುಖ ಇಡೀ ತಿರುಗಿಸಿ, ಒಂದೇ ಕಣ್ಣನ್ನು ಕಿರಿದು ಮಾಡಿ ನೋಡಿದರು.

"ಯಾರು? ಕರೆಂಟಿನವರಾ?"

"ಪೊಲೀಸ್, ಕಮಲಕ್ಕ. ಗುರುವಪ್ಪಣ್ಣ ಇದ್ದಾರಾ?"

"ಇದ್ದಾರೆ, ಕೋಣೆಯಲ್ಲಿ. ಬನ್ನಿ, ಒಳಗೆ ಬನ್ನಿ. ಬೆಲ್ಲ ನೀರು ಕುಡಿಯಿರಿ ಮೊದಲು."

ಜಗಲಿಗೆ ಹತ್ತಿದ ಹರಿಣಾಕ್ಷಿ ಅಲ್ಲೇ ನಿಂತಳು. ಒಳಗಿನಿಂದ ಒಂದು ವಾಸನೆ ಬರುತ್ತಿತ್ತು. ಉಗುರಿನ ಬಣ್ಣ ತೆಗೆಯುವ ಎಣ್ಣೆಯ ವಾಸನೆ. ಅವಳು ಕಮಲಾವತಿಯವರ ಕೈ ನೋಡಿದಳು. ಮಣ್ಣು ಮೆತ್ತಿದ ಉಗುರುಗಳು, ಬಣ್ಣ ಕಂಡವಲ್ಲ.

"ಎಂತ ವಾಸನೆ ಕಮಲಕ್ಕ ಇದು?"

"ಅದು ಇವರ ಫಿಲ್ಮು ಅಂಟಿಸುವ ಗಮ್ಮು. ನಾಲ್ಕು ದಿನ ಆಯ್ತು, ನನಗೆ ತಲೆಶೂಲೆ. ಅಜ್ಜಾವರದ ಮಾಷ್ಟ್ರು ಎಂತದೋ ರಿಪೇರಿಗೆ ಕೊಟ್ಟಿದ್ದಾರಂತೆ."

ಕೋಣೆಯ ಕಿಟಕಿಯ ಬೆಳಕಿನಲ್ಲಿ ಎಪ್ಪತ್ತೆರಡರ ಗುರುವಪ್ಪ ಕೂತಿದ್ದರು. ಮುಂದೆ ಮರದ ಹಲಗೆ, ಅದರ ಮೇಲೆ ಎರಡು ತಿರುಗಣಿ, ನಡುವೆ ಅಡಿ ಎಣಿಸುವ ಮೀಟರು. ಒಂದು ತಿರುಗಣಿಯಲ್ಲಿ ಕಪ್ಪು ಸುರುಳಿ. ಕೈಯಲ್ಲಿ ಬಿಳಿ ಹತ್ತಿಯ ಗವಸು. ಖಾಕಿ ಕಂಡು ಅವರು ಏಳಲೂ ಇಲ್ಲ, ಬೆದರಲೂ ಇಲ್ಲ. ಗವಸು ಕಳಚಿ ಮಡಚಿಟ್ಟರು.

"ಆರನೇ ರೀಲಾ ಅದು?"

"ಹೌದು ಮೇಡಂ."

"ಯಾರು ತಂದದ್ದು?"

"ನಾನೇ. ಶನಿವಾರ, ಮಾಷ್ಟ್ರು ಚಾಕ್ಕೆ ಹೇಳ್ಲಿಕ್ಕೆ ಹೋದಾಗ."

"ಕೇಳಿ ತಂದದ್ದಾ?"

"ಇಲ್ಲ."

ಬಾಗಿಲಲ್ಲಿ ಬೆಲ್ಲ ನೀರಿನ ತಂಬಿಗೆ ಹಿಡಿದು ನಿಂತಿದ್ದ ಕಮಲಾವತಿ ತಂಬಿಗೆಯನ್ನು ನೆಲಕ್ಕೆ ಇಟ್ಟ ಸದ್ದು ಇಡೀ ಮನೆಗೆ ಕೇಳಿತು. "ಕದ್ದು ತಂದದ್ದಾ? ಮಾಷ್ಟ್ರು ಕೊಟ್ಟದ್ದು ಅಂತ ಹೇಳಿದ್ರಿ ನನ್ನ ಹತ್ತಿರ!"

"ಆದಿತ್ಯವಾರ ಹೇಗೂ ನಾನೇ ಹೋಗುದಲ್ವಾ. ಅಲ್ಲಿ ಡಬ್ಬಿಗೆ ಹಾಕಿಬಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಇಷ್ಟು ಬೇಗ ಡಬ್ಬಿ ತೆಗೀತಾರೆ ಅಂತ ನಾನು ಎಣಿಸ್ಲಿಲ್ಲ."

"ಬಾಳೆನಾರು ಕಟ್ಟದಿದ್ರೆ ನಮಗೂ ಗೊತ್ತಾಗ್ತಿರ್ಲಿಲ್ಲ ಅಣ್ಣ," ಎಂದಳು ಹರಿಣಾಕ್ಷಿ.

ಗುರುವಪ್ಪ ಅವಳನ್ನು ಅಚ್ಚರಿಯಿಂದ ನೋಡಿದರು. "ಕಟ್ಟದೆ ಹೇಗೆ ಮೇಡಂ ಡಬ್ಬಿಗೆ ಹಾಕುದು?"

ನೆರೆಮನೆಯ ಸಂಪ್ರೀತ್ ಮತ್ತು ಹಾಲಿನ ಡೇರಿಯ ಒಬ್ಬರನ್ನು ಪಂಚರಾಗಿ ಬರಮಾಡಿ, 11.20ಕ್ಕೆ ಜಪ್ತಿ ಪಂಚನಾಮೆ ಶುರುವಾಯಿತು. ಸೊತ್ತಿನ ಉದ್ದ ಖಾತ್ರಿಪಡಿಸಬೇಕಿತ್ತು. ಹರಿಣಾಕ್ಷಿಯ ಸೂಚನೆಯಂತೆ ಗುರುವಪ್ಪನವರೇ ತಿರುಗಣಿ ತಿರುಗಿಸಿದರು. ತೀರ್ಥರಾಮ ಮೀಟರು ಓದಿದ.

"ಒಂಬೈನೂರ ಐವತ್ತೆರಡು."

"ಸರಿ ಓದಿ ತೀರ್ಥರಾಮ. ಒಂಬೈನೂರ ಹನ್ನೆರಡು ಇರ್ಬೇಕು."

ಇನ್ನೊಮ್ಮೆ ತಿರುಗಿಸಿದರು. ಮತ್ತೆ 952. ತೀರ್ಥರಾಮ ಮೀಟರನ್ನು ಬೆರಳಲ್ಲಿ ತಟ್ಟಿ ನೋಡಿದ. ಕದ್ದ ಚಿನ್ನ ಕರಗುವುದು, ಕದ್ದ ಬೈಕಿನ ಚಕ್ರ ಮಾಯವಾಗುವುದು ಅವನಿಗೆ ಗೊತ್ತಿತ್ತು. ಕಳ್ಳನ ಮನೆಯಲ್ಲಿ ಸೊತ್ತು ನಲವತ್ತು ಅಡಿ ಬೆಳೆದದ್ದನ್ನು ಅವನು ನೋಡಿರಲಿಲ್ಲ.

"ಈ ನಲವತ್ತಡಿ ಎಲ್ಲಿಂದ ಬಂತು ಗುರುವಪ್ಪಣ್ಣ?"

ಉತ್ತರ ಬಾಗಿಲಿಂದ ಬಂತು. "ಅದು ನಾನು," ಎಂದರು ಕಮಲಾವತಿ.

ಕತೆಯನ್ನು ಇಬ್ಬರೂ ಸೇರಿ ಹೇಳಿದರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದು. ಕಮಲಾವತಿಯವರ ತವರುಮನೆ ಅಜ್ಜಾವರ. ಶೂಟಿಂಗ್ ಆದಾಗ ಅವರಿಗೆ ಹದಿನೈದು. ಚಿಕ್ಕಮ್ಮನ ಮನೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಕಡವಿಗೆ ಹೋದರು. ದೋಣಿಗೆ ಜನ ಸಾಲದೆ ಇದ್ದಾಗ, ಓ ಹುಡುಗಿ, ಹತ್ತು ಎಂದರಂತೆ. ಹತ್ತಿದರು. ಪಕ್ಕದಲ್ಲಿ ಕೂತವನು ಏನೋ ತಮಾಷೆ ಹೇಳಿದ, ಇವರು ಬಾಯಿ ತುಂಬ ನಕ್ಕರು. ಅಷ್ಟೇ. ಎರಡು ವರ್ಷ ಕಳೆದು ಸಿನಿಮಾ ಸುಳ್ಯದ ಡೇರೆಗೆ ಬಂತು. ಅದಾಗಲೇ ಪುತ್ತೂರಿನಲ್ಲಿ ನೋಡಿದ್ದ ಗೆಳತಿಯೊಬ್ಬಳು ಓಡಿಬಂದು, ನೀನು ಪರದೆ ತುಂಬ ಇದ್ದೀಯ ಮಾರಾಯ್ತಿ, ಗಂಡಸಿನ ಮೈಗೆ ತಾಗಿ ಕೂತು ನಗ್ತಾ ಇದ್ದೀಯ ಎಂದಳು. ಅದೇ ದಿನ ಅಪ್ಪ, ನಮ್ಮ ಹೊಳೆ ಬಂದಿದೆಯಂತೆ, ಸಂಜೆ ನೋಡ್ಲಿಕ್ಕೆ ಹೋಗುವ ಎಂದರು.

"ನನ್ನ ಅಪ್ಪ ಚಾವಡಿಯಲ್ಲಿ ಕೆಮ್ಮಿದ್ರೆ ಹಟ್ಟಿಯಲ್ಲಿ ದನ ಎದ್ದು ನಿಲ್ತಿತ್ತು ಮೇಡಂ. ನಾನು ಮಧ್ಯಾಹ್ನವೇ ಡೇರೆಯ ಹಿಂದೆ ಹೋಗಿ ಅತ್ತೆ. ಇವರು ಅಲ್ಲಿ ಕೂತು ಅವಲಕ್ಕಿ ತಿಂತಾ ಇದ್ರು."

"ನನ್ನನ್ನು ತೆಗೆದುಬಿಡಿ ಅಂದಳು," ಎಂದರು ಗುರುವಪ್ಪ. "ಬಲ್ಬಿಗೆ ಹಿಡಿದು ಹುಡುಕಿದೆ. ಸಿಕ್ಕಿದಳು. ಅವಳಿದ್ದಷ್ಟೂ ತೆಗೆದೆ, ನಲವತ್ತಡಿ. ಬಾಕಿ ಜೋಡಿಸಿದೆ."

"ಅಪ್ಪ ನೋಡಿದ್ರಾ?"

"ನೋಡಿದ್ರು. ಹೊಳೆ ಚಂದ ಬಂದಿದೆ ಅಂದ್ರು. ಮನೆಗೆ ಬಂದು ಹೊಟ್ಟೆ ತುಂಬ ಉಂಡ್ರು," ಎಂದು ಕಮಲಾವತಿ ಕಣ್ಣೊರೆಸಿಕೊಂಡೇ ನಕ್ಕರು. ಮರುವರ್ಷ ಅದೇ ಅಪ್ಪನ ಮುಂದೆ ಕೈಮುಗಿದು ನಿಂತು ಹೆಣ್ಣು ಕೇಳಿದವರು ಗುರುವಪ್ಪ.

ಆ ನಲವತ್ತಡಿ ಬಿಸ್ಕತ್ತು ಡಬ್ಬಿಯಲ್ಲಿ ಮನೆಯಲ್ಲೇ ಉಳಿಯಿತು. ಪ್ರತಿ ಚೌತಿಯ ಮರುದಿನ ಗುರುವಪ್ಪ ಅದನ್ನು ಹೊರತೆಗೆದು, ಒರೆಸಿ, ಕಿಟಕಿಗೆ ಹಿಡಿದು ನೋಡಿ ಮತ್ತೆ ಸುತ್ತಿಡುತ್ತಿದ್ದರು. ಹೋದ ದೀಪಾವಳಿಯ ಹೊತ್ತಿಗೆ ಕಮಲಾವತಿಯವರ ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿಗೂ ಬರುವ ಮಳೆಗಾಲದ ಆಟಿ ತಿಂಗಳವರೆಗೆ ಗ್ಯಾರಂಟಿ ಇಲ್ಲ ಎಂದು ಮಂಗಳೂರಿನ ಡಾಕ್ಟರರು ಹೇಳಿದ್ದರು.

"ಅವಳು ಪರದೆಯಲ್ಲಿ ತನ್ನನ್ನು ನೋಡಿಯೇ ಇಲ್ಲ ಮೇಡಂ. ಡೇರೆಯಲ್ಲಿ ನೋಡುವ ಮೊದಲೇ ನಾನು ಕತ್ತರಿಸಿದ್ದು. ಆದಿತ್ಯವಾರ ಬಿಟ್ರೆ ಇನ್ನು ಯಾವಾಗ ಓಡಿಸುದು?"

"ಮಾಷ್ಟ್ರ ಹತ್ತಿರ ಹೇಳಬಹುದಿತ್ತಲ್ಲ?"

"ಹೇಳ್ಲಿಕ್ಕೆ ಹೋಗಿದ್ದೆ. ಅವರು ಅದು ದೊಡ್ಡ ಕಲೆ ಅಂತ ಮಕ್ಕಳಿಗೆ ಪಾಠ ಮಾಡ್ತಿದ್ರು. ಅದು ಕಲೆ ಅಲ್ಲ, ನನ್ನ ಕತ್ತರಿ ಅಂತ ಎಲ್ಲರೆದುರು ಹೇಗೆ ಹೇಳುದು? ಅವರ ಮರ್ಯಾದಿಯೂ ಹೋಗ್ತದೆ, ನನ್ನದೂ."

ಹರಿಣಾಕ್ಷಿಗೆ ಆ ಮುದುಕರ ಮೇಲೆ ತುಂಬ ಪ್ರೀತಿ ಬಂತು. ಆದರೆ ಪ್ರೀತಿಗೆ ಪಂಚನಾಮೆಯಲ್ಲಿ ಕಾಲಂ ಇಲ್ಲ. ನೋಟಿಸು ಕೊಟ್ಟು ಬರಬಹುದಿತ್ತು. ಹಾಗೆ ಮಾಡಿದರೆ ರೀಲು ಠಾಣೆಯಲ್ಲಿ ಜಪ್ತಿ ಸೊತ್ತು ಇಡುವ ಮುದ್ದೆಮಾಲಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಇವತ್ತೇ ಬಂಧಿಸಿ ನ್ಯಾಯಾಲಯಕ್ಕೆ ಹಾಜರುಪಡಿಸಿದರೆ ರೀಲೂ ಜೊತೆಗೇ ಹೋಗುತ್ತದೆ, ಅರ್ಜಿ ಹಾಕಿದವರಿಗೆ ಬೇಗ ಸಿಗುತ್ತದೆ.

"ಗುರುವಪ್ಪಣ್ಣ, ನಿಮ್ಮನ್ನು ಅರೆಸ್ಟ್ ಮಾಡ್ತಿದ್ದೇನೆ. ಊಟ ಮಾಡಿ ಹೊರಡಿ. ಕಮಲಕ್ಕ, ನೀವೂ ಬನ್ನಿ ಜೀಪಿನಲ್ಲಿ."

ಬಂಧನದ ಸಮಯ 12.50 ಎಂದು ನಮೂದಾಯಿತು. ಕಮಲಾವತಿ ಗಂಡನ ಅಂಗಿಯ ಗುಂಡಿ ಸರಿಮಾಡಿ, ಪೊಲೀಸರಿಗೂ ಹುರುಳಿ ಸಾರು ಬಡಿಸಿದರು.

ಪ್ರೇಮನಾಥ ಮಾಷ್ಟ್ರು ಠಾಣೆಗೆ ಬಂದಾಗ ಮೂರು ಗಂಟೆ. ಬೆಂಚಿನಲ್ಲಿ ಗುರುವಪ್ಪ ಕೂತದ್ದನ್ನು ನೋಡಿ ಅವರ ಮುಖ ಕೆಂಪಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ಶುರುಮಾಡಿದವರ ಕೈಗೆ ಹರಿಣಾಕ್ಷಿ ಜಪ್ತಿ ಪಂಚನಾಮೆಯ ಪ್ರತಿ ಕೊಟ್ಟಳು. ಮಾಷ್ಟ್ರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಒಂಬೈನೂರ ಐವತ್ತೆರಡಾ?"

"ಹೌದು ಮಾಷ್ಟ್ರೆ."

ವರ್ಷಗಟ್ಟಲೆಯ ಪಾಠ, ಏಳು ಕಾಲೇಜು, ಒಂದು ಫಲಕ ಅವರ ಕಣ್ಣ ಮುಂದೆ ಹಾದುಹೋದದ್ದು ಹರಿಣಾಕ್ಷಿಗೆ ಕಂಡಿತು. ಗುರುವಪ್ಪ ತಲೆ ಎತ್ತಲಿಲ್ಲ. ಸುರಕ್ಷಾ ಬರೆಯುವುದನ್ನು ನಿಲ್ಲಿಸಿದಳು.

"ಆ ನಲವತ್ತಡಿಯಲ್ಲಿ ಎಂತ ಉಂಟು?" ಎಂದು ಕೇಳಿದರು ಮಾಷ್ಟ್ರು.

"ಕಮಲಕ್ಕ ಇದ್ದಾರೆ. ಮತ್ತೆ ಹೊಳೆ," ಎಂದಳು ಹರಿಣಾಕ್ಷಿ.

ಮಾಷ್ಟ್ರು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಆಮೇಲೆ ಗುರುವಪ್ಪನವರ ಕಡೆ ತಿರುಗಿ, ಮಕ್ಕಳ ಮುಂದೆ ಎಂದೂ ಬಳಸದ ಸಣ್ಣ ಸ್ವರದಲ್ಲಿ ಕೇಳಿದರು, "ಹೊಳೆ ಚಂದ ಬಂದಿದೆಯಾ ಗುರುವಪ್ಪ?"

"ಚಂದ ಬಂದಿದೆ ಮಾಷ್ಟ್ರೆ. ನೀವು ನೋಡ್ಬೇಕು."

4.15ಕ್ಕೆ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಜಾಮೀನು ಸಿಕ್ಕಿತು. ಜಾಮೀನುದಾರರು ಯಾರೆಂದು ಕೇಳಿದಾಗ ದೂರುದಾರರೇ ಎದ್ದು ನಿಂತದ್ದನ್ನು ಕಂಡು ಕೋರ್ಟಿನ ಗುಮಾಸ್ತರು ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡರು. ಶುಕ್ರವಾರ ಮಧ್ಯಾಹ್ನದೊಳಗೆ, ಸೊತ್ತಿನ ಮಧ್ಯಂತರ ಸುಪರ್ದಿಗೆ ಮಾಷ್ಟ್ರು ಹಾಕಿದ ಅರ್ಜಿ ಮಂಜೂರಾಯಿತು. ರಾಜಿ ಅರ್ಜಿಯನ್ನೂ ಅವರೇ ಬರೆದು ತಂದಿದ್ದರು, ಒಂದೂ ಕಾಗುಣಿತ ತಪ್ಪಿಲ್ಲದೆ.

ಶನಿವಾರ ಕೇಸ್ ಡೈರಿ ಬರೆಸುವಾಗ ಸುರಕ್ಷಾ ಪೆನ್ನು ಕಚ್ಚಿಕೊಂಡು ಕೇಳಿದಳು, "ಕೃತ್ಯದ ಉದ್ದೇಶ ಎಂತ ಹಾಕುದು ಮೇಡಂ? ದುರ್ಲಾಭ ಅಂತ ಹಾಕ್ಲಿಕ್ಕೆ ಆಗುದಿಲ್ಲ."

ಹರಿಣಾಕ್ಷಿ ಯೋಚಿಸಿ ಹೇಳಿದಳು. "ಬರೆ. ಆರೋಪಿಯು 1977ರಲ್ಲಿ ಸದ್ರಿ ರೀಲಿನಿಂದ ತೆಗೆದಿದ್ದ ಭಾಗವನ್ನು, ತನ್ನ ಹೆಂಡತಿಗೆ ಕಣ್ಣು ಕಾಣುತ್ತಿರುವಾಗಲೇ ಇದ್ದಲ್ಲಿಗೆ ಸೇರಿಸುವ ಉದ್ದೇಶದಿಂದ ಕೃತ್ಯ ಎಸಗಿರುತ್ತಾನೆ."

"1977ರದ್ದು ಬೇರೆ ಕೇಸ್ ಆಗ್ಲಿಕ್ಕಿಲ್ವಾ?"

"ಸುಮ್ಮನೆ ಬರೆ ಮಾರಾಯ್ತಿ."

ಫೆಬ್ರವರಿ 22, ಆದಿತ್ಯವಾರ. ಸಂಜೆ 6.45. ಮಾಷ್ಟ್ರ ಅಂಗಳದಲ್ಲಿ ಕುರ್ಚಿ ಸಾಲದೆ ಜನ ಹಟ್ಟಿಯಿಂದ ಹೊರಗೆ ತಂದಿಟ್ಟ ದೋಣಿಯೊಳಗೂ ಕೂತಿದ್ದರು. ಶೈಲೇಶ್ ಅತ್ತೆಯನ್ನು ಕರೆತಂದಿದ್ದ. ಹರಿಣಾಕ್ಷಿ ಮಫ್ತಿಯಲ್ಲಿ ಅಮ್ಮನ ಜೊತೆ ಬಂದಿದ್ದಳು. ಹಟ್ಟಿಯೊಳಗೆ 'ಜಿಗಿತ'ದ ಫಲಕ ಇದ್ದ ಜಾಗದಲ್ಲಿ ಹೊಸ ಹಲಗೆ, ಬಣ್ಣ ಇನ್ನೂ ಹಸಿ: 'ನಡುವಿನ ನದಿಯನ್ನು ನಲವತ್ತೊಂಬತ್ತು ವರ್ಷ ಜೋಪಾನ ಮಾಡಿದವರು ಇಚಿಲಂಪಾಡಿಯ ಕಮಲಾವತಿ ಮತ್ತು ಗುರುವಪ್ಪ.' ಕತ್ತರಿಯ ವಿಷಯ ಮಾಷ್ಟ್ರು ಎಲ್ಲೂ ಬರೆದಿರಲಿಲ್ಲ.

ಮಿಷನ್ ಒಂದೇ ಆದ್ದರಿಂದ ಪ್ರತಿ ರೀಲು ಮುಗಿದಾಗ ಗುರುವಪ್ಪ ಮಿಷನಿನ ದೀಪ ಆರಿಸಿ, ಮುಂದಿನದ್ದನ್ನು ಏರಿಸುತ್ತಿದ್ದರು. ಐದು ರೀಲುಗಳಲ್ಲಿ ಒಂದು ಕ್ಷಣವೂ ಹೆಚ್ಚುಕಡಿಮೆ ಆಗಲಿಲ್ಲ. ಆರನೆಯದು ಶುರುವಾದಾಗ ಮುಂದಿನ ಸಾಲಿನ ನಡುವೆ ಕೂತ ಕಮಲಾವತಿ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಬಲಗಣ್ಣನ್ನು ಪರದೆಗೆ ನೇರ ಮಾಡಿಕೊಂಡರು.

ದೋಣಿ ಈ ದಡ ಬಿಟ್ಟಿತು. ಆಮೇಲೆ ಹೊಳೆ ಬಂತು. ಅಗಲವಾದ, ಹೊಳೆಯುವ, ಆ ಅಂಗಳದಲ್ಲಿ ಮುಕ್ಕಾಲು ಪಾಲು ಜನ ನೋಡಿರದ, ಐವತ್ತು ವರ್ಷದ ಹಿಂದಿನ ಹೊಳೆ. ದೋಣಿಯ ಅಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಪಕ್ಕದವನ ಮಾತಿಗೆ ತಲೆ ಹಿಂದಕ್ಕೆ ಹಾಕಿ ನಕ್ಕಳು. ನಕ್ಕು, ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಮತ್ತೆ ತಡೆಯಲಾರದೆ ನಕ್ಕಳು. ಇಪ್ಪತ್ತೇಳು ಸೆಕೆಂಡು. ಆಮೇಲೆ ಆಚೆ ದಡ ಬಂತು.

ಹರಿಣಾಕ್ಷಿ ಹಿಂದಕ್ಕೆ ತಿರುಗಿ ನೋಡಿದಳು. ಗುರುವಪ್ಪ ಮಿಷನಿನ ಪಕ್ಕ ಎದ್ದು ನಿಂತಿದ್ದರು. ಅಡಿಗೆ ಹದಿನಾರರಂತೆ ಆರುನೂರ ನಲವತ್ತು ಚಿತ್ರಗಳನ್ನು ಅವರು ಒಂದೊಂದಾಗಿ ಕಿಟಕಿಗೆ ಹಿಡಿದು ನೋಡಿದ್ದರು. ಓಡಿಸಿ ನೋಡಿದ್ದು ಇವತ್ತೇ.

ರೀಲು ಮುಗಿಯಿತು. ತುದಿ ಕಳಚಿ ಪಟಪಟ ಬಡಿಯತೊಡಗಿತು. ಪರದೆ ಬೆಳ್ಳಗಾಯಿತು. ದೀಪ ಆರಲಿಲ್ಲ. ಡೇರೆಯ ಕಾಲದ ಅಭ್ಯಾಸದಿಂದ ತೀರ್ಥರಾಮ ಬಾಯಿಗೆ ಬೆರಳು ಹಾಕಿ ಸಿಳ್ಳೆ ಹೊಡೆದ. ಮುಂದಿನ ಸಾಲಿನಿಂದ ಕಮಲಾವತಿ ಹಿಂದಕ್ಕೆ ತಿರುಗಿ, ಬೆಳಕಿಗೆ ಕೈ ಅಡ್ಡ ಹಿಡಿದು ಕೂಗಿದರು.

"ಎಂತ ಮಾರಾಯ್ರೆ, ಮಲಗಿದ್ರಾ ಅಲ್ಲಿ?"

ಅಂಗಳ ಇಡೀ ನಕ್ಕಿತು. ಅವರೂ ತಲೆ ಹಿಂದಕ್ಕೆ ಹಾಕಿ ನಕ್ಕು, ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಮತ್ತೆ ನಕ್ಕರು. ಗುರುವಪ್ಪ ದೀಪ ಆರಿಸಿ, ಏಳನೇ ಡಬ್ಬಿಯ ಮುಚ್ಚಳ ತೆಗೆದರು.